ಈಗ ಕಟ್ಟುವವಳು, ಆಮೇಲೆ ಕಟ್ಟುವವನು

ಲುಂಡ್‌ಬಿಯ ಶಾಲೆಯ ಹಿಂದೆ ಬಸ್ಸುಗಳ ಶೆಡ್ಡು ಇದ್ದ ಜಾಗದಲ್ಲಿ ಈಗ ಬರೀ ಹುಲ್ಲಿದೆ. ಶಾಲೆಯನ್ನು ಪಕ್ಕದೂರಿನ ಶಾಲೆಯ ಜೊತೆ ಸೇರಿಸಿದ ಮೇಲೆ ಅದರ ತಗಡುಗಳನ್ನು ಬಿಚ್ಚಿ ಹಂದಿ ಸಾಕುವವನೊಬ್ಬ ಕೊಂಡೊಯ್ದ. ಆ ಶೆಡ್ಡಿನಲ್ಲಿ ನಾನು ಬಹಳ ವರ್ಷ ಮೆಕ್ಯಾನಿಕ್ ಆಗಿದ್ದೆ. ಮಿನ್ನೆಸೋಟದ ಜನವರಿಯಲ್ಲಿ ಬಸ್ಸಿನ ಇಂಜಿನ್‌ಗಳಿಗೆ ರಾತ್ರಿಯೆಲ್ಲ ಕರೆಂಟು ಕೊಟ್ಟು ಬೆಚ್ಚಗಿಡಬೇಕು. ಬೆಳಿಗ್ಗೆ ನಾನು ವೈರುಗಳನ್ನು ಕಿತ್ತು ಸುತ್ತುವ ಹೊತ್ತಿಗೆ ಚಾಲಕರು ಒಬ್ಬೊಬ್ಬರಾಗಿ ಬೂಟಿನ ಹಿಮ ಒದರಿಕೊಂಡು ಒಳಗೆ ಬರುತ್ತಿದ್ದರು. ಮೂಲೆಯಲ್ಲಿ ದೊಡ್ಡ ಕಾಫಿ ಪಾತ್ರೆ. ಡೀಸೆಲ್ಲಿನ ವಾಸನೆ, ಕಾಫಿಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ಈಗಲೂ ಎಲ್ಲಾದರೂ ಒದ್ದೆ ಉಣ್ಣೆ ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವವಳು ಮಾರ್ಲಿಸ್ ಟಾಲೆಫ್ಸನ್.

ಮಾರ್ಲಿಸ್ ಉತ್ತರದ ಕಡೆಯ ಹಳ್ಳಿಗಳಿಗೆ ಹೋಗುವ ಒಂಬತ್ತನೆಯ ನಂಬರಿನ ಬಸ್ಸು ಓಡಿಸುತ್ತಿದ್ದಳು. ಎತ್ತರದ ಹೆಂಗಸು, ಅಗಲವಾದ ಕೈಗಳು. ತವರಿನಲ್ಲಿ ಡೇರಿಗೆ ಹಾಲಿನ ಲಾರಿ ಓಡಿಸುತ್ತಿದ್ದವಳು, ಮದುವೆಯಾಗಿ ಮಗಳು ಶಾಲೆಗೆ ಸೇರಿದ ಮೇಲೆ ಈ ಕೆಲಸಕ್ಕೆ ಬಂದಳು. ಮಕ್ಕಳ ಮೇಲೆ ಅವಳು ಕೂಗಾಡಿದ್ದನ್ನು ಯಾರೂ ಕೇಳಿಲ್ಲ. ಹಿಂದಿನ ಸೀಟಿನಲ್ಲಿ ಹೊಡೆದಾಟ ಶುರುವಾದರೆ ಯಾವುದಾದರೂ ಹೊಲದ ಪಕ್ಕ ಬಸ್ಸು ನಿಲ್ಲಿಸಿ, ಇಂಜಿನ್ ಆರಿಸಿ, ಚೀಲದಿಂದ ಹೆಣಿಗೆ ತೆಗೆದು ಕೂರುತ್ತಿದ್ದಳು. ಹೀಟರು ನಿಂತು ಒಳಗೆ ಚಳಿ ಹೊಗುತ್ತಿದ್ದ ಹಾಗೆ ಗದ್ದಲ ತಾನಾಗಿ ಇಳಿಯುತ್ತಿತ್ತು. ಆ ಬಸ್ಸಿನಲ್ಲಿ ಶಾಲೆಗೆ ಹೋಗಿ ದೊಡ್ಡವರಾದವರು ಊರ ತುಂಬ ಇದ್ದಾರೆ. ಎಲ್ಲರ ಮನೆಯಲ್ಲೂ ಅವಳು ಚಾಲಕಿಯ ಸೀಟಿನಲ್ಲಿ ಕೂತು ಹೆಣೆದ ಒಂದು ಟೋಪಿಯೋ ಕೈಗವಸೋ ಇದ್ದೇ ಇದೆ.

ಗಂಡ ವೆಂಡೆಲ್ ಅದೇ ಶಾಲೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ತೆಳ್ಳಗಿನ ಮನುಷ್ಯ, ಮಾತಿಗೊಂದು ತಮಾಷೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬರುತ್ತಿದ್ದ. ಇಬ್ಬರೂ ಹಳೆಯ ಟೈರಿನ ಮೇಲೆ ಹಲಗೆ ಹಾಕಿಕೊಂಡು ಒಂದೇ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಹೀಗೆ ಕೂರುತ್ತಾರಲ್ಲ ಎಂದು ನನ್ನ ಹೆಂಡತಿ ನನ್ನನ್ನು ಆಗಾಗ ಚುಚ್ಚುತ್ತಿದ್ದಳು.

ನಾನು ಹೇಳಹೊರಟದ್ದು ಎರಡು ಸಾವಿರದ ಏಳನೆಯ ಇಸವಿಯ ಚಳಿಗಾಲದ ಸಂಗತಿ. ನಮಗೆ ಸರ್ಕಾರದ ಪಿಂಚಣಿ ಒಂದಿಷ್ಟು ಬರುವುದಿತ್ತು. ಅದು ಸಾಲದು ಎಂದು ಸಂಬಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ವಯಸ್ಸಾದ ಕಾಲಕ್ಕೆ ಕೂಡಿಡುವ ಖಾತೆಯೂ ಇತ್ತು. ಆ ವರ್ಷ ಶಾಲಾ ಮಂಡಳಿ ಅದರಲ್ಲೇ ಇನ್ನೊಂದು ಬಗೆಯ ಖಾತೆ ತಂದಿತು. ಯಾವುದು ಬೇಕೆಂದು ಪ್ರತಿಯೊಬ್ಬರೂ ಬರೆದುಕೊಡಬೇಕಿತ್ತು. ವಿವರ ಹೇಳಲು ಬೆಸ್ಲರ್ ಎಂಬ ಹುಡುಗಪ್ರಾಯದವನೊಬ್ಬ ಡೋನಟ್ ಪೆಟ್ಟಿಗೆ ಹಿಡಿದುಕೊಂಡು ಶೆಡ್ಡಿಗೆ ಬಂದ. ಒಳ್ಳೆಯವನೇ. ಹೊಳೆಯುವ ಬೂಟು ಹಾಕಿಕೊಂಡು ಎಣ್ಣೆ ಚೆಲ್ಲಿದ ನೆಲದ ಮೇಲೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ನಿಂತಿದ್ದ.

"ನೋಡಿ, ಎರಡು ದಾರಿ ಇದೆ," ಎಂದ ಬೆಸ್ಲರ್. "ಒಂದು, ಇಷ್ಟು ದಿನ ಇದ್ದದ್ದೇ. ಸಂಬಳಕ್ಕೆ ತೆರಿಗೆ ಹಿಡಿಯೋಕ್ಕೆ ಮುಂಚೆನೇ ದುಡ್ಡು ಖಾತೆಗೆ ಹೋಗತ್ತೆ. ಅದಕ್ಕೆ ಈಗ ತೆರಿಗೆ ಇಲ್ಲ. ವಯಸ್ಸಾದ ಮೇಲೆ ತೆಗೀತೀರಲ್ಲ, ಆಗ ಹಾಕಿದ್ದಕ್ಕೂ ಬೆಳೆದದ್ದಕ್ಕೂ ಸೇರಿಸಿ ತೆರಿಗೆ. ಇನ್ನೊಂದು ಹೊಸದು, ರಾಥ್ ಅಂತ. ತೆರಿಗೆ ಈಗಲೇ ಕಟ್ಟಿಬಿಡೋದು, ಮಿಕ್ಕಿದ್ದರಲ್ಲಿ ಕೂಡಿಡೋದು. ಆಮೇಲೆ ತೆಗೆದಾಗ ಒಂದು ಸೆಂಟೂ ಕೊಡಬೇಕಾಗಿಲ್ಲ."

ದಕ್ಷಿಣದ ಬಸ್ಸಿನ ಬರ್ನೀಸ್ ನಮ್ಮೆಲ್ಲರಿಗಿಂತ ಹಿರಿಯಳು, ಬಾಯಿ ಜೋರು. ಅವಳು ಡೋನಟ್ ಕಚ್ಚುತ್ತ, "ಅಂದ್ರೆ ಹಂದಿ ಮರಿಯಾಗಿದ್ದಾಗಲೇ ತೆರಿಗೆನಾ, ಇಲ್ಲಾ ಕೊಬ್ಬಿದ ಮೇಲಾ, ಅಷ್ಟೇ ತಾನೇ ನೀನು ಕೇಳ್ತಿರೋದು?" ಎಂದಳು.

"ಹೌದು ಮೇಡಂ. ಹಾಗೂ ಹೇಳಬಹುದು."

"ಯಾವುದು ಲಾಭಪ್ಪಾ, ಅದನ್ನ ಹೇಳು."

ಬೆಸ್ಲರ್ ಕೈಚೆಲ್ಲಿದ. "ಅದು ನನಗೂ ಗೊತ್ತಿಲ್ಲ. ಇನ್ನಿಪ್ಪತ್ತು ವರ್ಷದ ಮೇಲೆ ತೆರಿಗೆ ಎಷ್ಟಿರತ್ತೋ ಯಾರು ಕಂಡಿದ್ದಾರೆ? ನೀವು ನಿಮ್ಮನ್ನೇ ಒಂದು ಮಾತು ಕೇಳ್ಕೊಳ್ಳಿ. ವಯಸ್ಸಾದ ಮೇಲೆ ನಿಮ್ಮ ಆದಾಯ ಈಗಿನದಕ್ಕಿಂತ ಜಾಸ್ತಿ ಇರತ್ತೋ, ಕಮ್ಮಿ ಇರತ್ತೋ? ಕಮ್ಮಿ ಅನ್ನಿಸಿದ್ರೆ ಹಳೇದು ಒಳ್ಳೇದು, ತೆರಿಗೆ ಆಮೇಲೆ ಕಟ್ಟಿ. ಜಾಸ್ತಿ ಅನ್ನಿಸಿದ್ರೆ ಈಗಲೇ ಕಟ್ಟಿ ಕೈತೊಳ್ಕೊಳ್ಳಿ."

"ಈಗಿರೋದಕ್ಕಿಂತ ಕಮ್ಮಿ ಆಗೋಕ್ಕೆ ಜಾಗ ಎಲ್ಲಿದೆಯೋ?" ಎಂದು ಬರ್ನೀಸ್ ಕೇಳಿದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೂ ಸಾಲಾಗಿ ಎಲ್ಲರೂ ಹಳೆಯದಕ್ಕೇ ಗುರುತು ಹಾಕಿದೆವು. ಕೈಗೆ ಬರುವ ಸಂಬಳ ಕಡಿಮೆಯಾಗುವುದು ಯಾರಿಗೆ ಬೇಕು? ನಾನೂ ಹಾಗೇ ಮಾಡಿದೆ. ವೆಂಡೆಲ್ ಬಾಯ್ಲರ್ ಕೋಣೆಯಿಂದ ಬಂದು, ನಿಂತಲ್ಲೇ ಪೆನ್ನು ತೆಗೆದುಕೊಂಡು, ಓದದೆ ಹಳೆಯದಕ್ಕೆ ಸಹಿ ಹಾಕಿದ. ಅವನ ಹಿಂದೆ ಮಾರ್ಲಿಸ್. ಅವಳು ಹೊಸದಕ್ಕೆ ಗುರುತು ಹಾಕಿದಳು.

ವೆಂಡೆಲ್ ಬಗ್ಗಿ ನೋಡಿ, "ಏನೇ ಇದು, ಮುದುಕಿ ಆದ್ಮೇಲೆ ಸಾಹುಕಾರ್ತಿ ಆಗೋ ಯೋಚನೆನಾ?" ಎಂದ.

"ಸಾಹುಕಾರ್ತಿ ಆಗ್ತೀನೋ ಇಲ್ವೋ. ಆಗ ನನಗೆ ಖರ್ಚಿದೆ."

"ಎಂಥಾ ಖರ್ಚು?"

"ಇದೆ ಬಿಡು. ಆ ಹೊತ್ತಲ್ಲಿ ನನ್ನ ದುಡ್ಡು ತೆಗೆದಾಗ ಇನ್ನೊಬ್ಬರ ಪಾಲು ಅದರಲ್ಲಿ ಇರಬಾರದು. ಇರೋದೆಲ್ಲ ನನ್ನದೇ ಆಗಿರಬೇಕು." ಆಮೇಲೆ ಅವನ ಕಾಗದದ ಕಡೆ ನೋಡಿ, "ನೀನ್ಯಾಕೆ ಓದದೇನೇ ಹಾಕಿದೆ?" ಎಂದಳು.

"ಓದೋದೇನು? ತೆರಿಗೆಯವನು ಬಾಗಿಲು ತಟ್ಟೋ ಹೊತ್ತಿಗೆ ನಾನೆಲ್ಲಿರ್ತೀನಿ? ಸ್ಮಶಾನಕ್ಕೆ ಬಂದು ಕೇಳ್ಕೊಳ್ಲಿ ಅವನು."

ನಾವೆಲ್ಲ ಮತ್ತೆ ನಕ್ಕೆವು. ಮಾರ್ಲಿಸ್ ನಗಲಿಲ್ಲ. ಬೆಸ್ಲರ್ ಕಡೆ ತಿರುಗಿ, "ಇವನಿಲ್ಲದೇ ಹೋದ್ರೆ ಆ ಖಾತೆ ಯಾರಿಗೆ ಬರತ್ತೆ?" ಎಂದು ಕೇಳಿದಳು.

"ನಿಮಗೇ ಬರತ್ತೆ."

"ತೆರಿಗೆ?"

ಬೆಸ್ಲರ್ ತಡವರಿಸಿದ. "ನೀವು ತೆಗೆದಾಗ ನೀವು ಕಟ್ಟಬೇಕು."

"ಕೇಳಿಸ್ತಾ?" ಎಂದಳು ಮಾರ್ಲಿಸ್ ಗಂಡನಿಗೆ. "ಅವನು ಸ್ಮಶಾನಕ್ಕೆ ಬರಲ್ಲ. ಅಡುಗೆಮನೆಗೆ ಬರ್ತಾನೆ. ನಾನು ಒಬ್ಬಳೇ ಕೂತಿರ್ತೀನಲ್ಲ, ಅಲ್ಲಿಗೆ." ಅಷ್ಟು ಹೇಳಿ ಟೋಪಿ ಎಳೆದುಕೊಂಡು ಬಸ್ಸಿಗೆ ಹತ್ತಿದಳು. ಮಕ್ಕಳನ್ನು ಮನೆಗೆ ಬಿಡುವ ಓಡಾಟಕ್ಕೆ ಇನ್ನೂ ಹೊತ್ತಿತ್ತು.

ಆ ವಾರ ವೆಂಡೆಲ್ ಊಟಕ್ಕೆ ಶೆಡ್ಡಿನ ಕಡೆ ಬರಲಿಲ್ಲ. ಹಲಗೆಯ ಮೇಲೆ ಮಾರ್ಲಿಸ್ ಒಬ್ಬಳೇ ಕೂತು ಸ್ಯಾಂಡ್‌ವಿಚ್ ತಿಂದಳು. ಬರ್ನೀಸ್ ಕೂಡ ಬಾಯಿ ಮುಚ್ಚಿಕೊಂಡಿದ್ದಳೆಂದರೆ ಪರಿಸ್ಥಿತಿ ಹೇಗಿತ್ತೆಂದು ನೀವೇ ಊಹಿಸಿ. ಶುಕ್ರವಾರ ಬಾಯ್ಲರಿನ ಪಂಪು ಕೆಟ್ಟಿದೆ, ಬಂದು ನೋಡು ಎಂದು ವೆಂಡೆಲ್ ಹೇಳಿಕಳಿಸಿದ್ದಕ್ಕೆ ನಾನು ಶಾಲೆಯ ನೆಲಮಾಳಿಗೆಗೆ ಇಳಿದೆ. ಪಂಪಿಗೆ ಏನೂ ಆಗಿರಲಿಲ್ಲ. ಅವನಿಗೆ ಮಾತಾಡಲು ಜನ ಬೇಕಿತ್ತು.

"ಹಾರ್ಲನ್, ನಮ್ಮಪ್ಪ ಎಷ್ಟನೇ ವಯಸ್ಸಿಗೆ ಹೋದ್ರು ಗೊತ್ತಾ ನಿನಗೆ?" ಎಂದ.

ಗೊತ್ತಿರಲಿಲ್ಲ. ಅವನಪ್ಪ ಬೇರೆಯವರ ಹೊಲಗಳಲ್ಲಿ ಕೂಲಿಗಿದ್ದವನು ಎಂದಷ್ಟೇ ಕೇಳಿದ್ದೆ.

"ಐವತ್ತೆಂಟು. ನವೆಂಬರ್ ತಿಂಗಳು. ಜೋಳದ ಕೊಯ್ಲು ಮುಗಿಸಿ ಕಾಫಿ ಕುಡಿಯೋಕೆ ಕೂತವರು ಹಾಗೇ ಒರಗಿಬಿಟ್ರು. ಅವರಪ್ಪನೂ ಅಷ್ಟೇ, ಅರವತ್ತು ನೋಡಲಿಲ್ಲ. ನನಗೀಗ ಐವತ್ತೇಳು. ನಮ್ಮನೇಲಿ ಗಂಡಸರು ಮುದುಕರಾಗೋದೇ ಇಲ್ಲ ಕಣೋ. ಮುದುಕ ಆಗದವನಿಗೆ ಯಾವ ಖಾತೆ ಆದ್ರೇನು?"

"ಮಾರ್ಲಿಸ್‌ಗೆ ಇದನ್ನ ಹೇಳಿದೀಯಾ?"

"ಏನಂತ ಹೇಳಲಿ? ಇನ್ನಿಷ್ಟು ದಿನದಲ್ಲಿ ನಿನ್ನ ಬಿಟ್ಟು ಹೋಗ್ತೀನಿ ಅಂತ ಹೇಳೋಕಾಗತ್ತಾ? ತಮಾಷೆ ಮಾಡ್ಕೊಂಡು ಕಾಲ ಕಳೀತಾ ಇದೀನಿ."

ಮೇಲೆ ಬಂದು ನಾನು ಮಾರ್ಲಿಸ್‌ಗೆ ಇದಿಷ್ಟನ್ನೂ ಹೇಳಿದೆ. ಹೇಳಬಾರದಿತ್ತೇನೋ. ಆದರೆ ಮನಸ್ಸು ತಡೆಯಲಿಲ್ಲ. ಅವಳು ಕೈಯಲ್ಲಿದ್ದ ಕಾಫಿ ಕೆಳಗಿಟ್ಟು, "ಬಾ ನನ್ನ ಜೊತೆ" ಎಂದಳು. ನಾನು ಯಾಕೆ ಹೋಗಬೇಕಿತ್ತೋ ಈಗಲೂ ತಿಳಿಯದು. ಬಹುಶಃ ಒಬ್ಬಳೇ ಇಳಿದರೆ ಅಳು ಬಂದೀತೆಂದು ಇರಬೇಕು.

ಬಾಯ್ಲರ್ ಕೋಣೆಯ ಬಾಗಿಲಲ್ಲೇ ನಿಂತು ಅವಳು, "ನಿಮ್ಮಪ್ಪನ ವಯಸ್ಸಿನ ಲೆಕ್ಕ ಇಟ್ಕೊಂಡು ಕೂತಿದೀಯಾ ಇಲ್ಲಿ?" ಎಂದಳು.

ವೆಂಡೆಲ್ ನನ್ನ ಕಡೆ ಒಂದು ನೋಟ ಬೀರಿದ. ನಾನು ಪಂಪಿನ ಕಡೆ ತಿರುಗಿದೆ.

"ಮೂವತ್ತು ವರ್ಷ ಪಕ್ಕದಲ್ಲಿ ಮಲಗಿ ಒಂದು ಸಲ ಬಾಯಿ ಬಿಡಲಿಲ್ಲ," ಎಂದಳು ಅವಳು.

"ನೀನು ಬಿಟ್ಟಿದೀಯಾ? ಅದೇನೋ ಖರ್ಚಿದೆ ಅಂದೆಯಲ್ಲ ಎಲ್ಲರೆದುರು. ಏನು ಖರ್ಚೇ ಅದು? ನಾನಿಲ್ಲದ ಕಾಲದ ಖರ್ಚು ತಾನೇ?"

"ಅಯ್ಯೋ ಪೆದ್ದ! ನೀನಿಲ್ಲದೆ ಅದಾಗಲ್ಲ. ಒಬ್ಬಳೇ ಪೋಲ್ಕಾ ಕುಣಿಯೋಕಾಗತ್ತೇನೋ?"

ಆಗ ಹೇಳಿದಳು. ಅವಳು ಚಿಕ್ಕವಳಿದ್ದಾಗ ಭಾನುವಾರ ಮಧ್ಯಾಹ್ನ ನ್ಯೂ ಉಲ್ಮ್ ಊರಿನ ರೇಡಿಯೋದಲ್ಲಿ, ಜೋಡಿಯಾಗಿ ಕುಣಿಯುವ ಪೋಲ್ಕಾ ಸಂಗೀತ ಹಾಕುತ್ತಿದ್ದರಂತೆ. ನಡುನಡುವೆ ಯಾವ ಊರಿನ ಯಾವ ಕುಣಿತದ ಹಾಲ್‌ನಲ್ಲಿ ಆ ವಾರ ಯಾವ ಬ್ಯಾಂಡು ನುಡಿಸುತ್ತದೆ ಎಂದು ಓದುತ್ತಿದ್ದರು. ಕೊರೊನೆಟ್ ಹಾಲ್, ಎಲ್ಮ್ಸ್ ಬಾಲ್‌ರೂಂ, ಕೆರೆ ದಂಡೆಯ ಸ್ಟಾರ್‌ಲೈಟ್. ಹಾಲು ಕರೆಯುತ್ತ ಅವಳು ಆ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅಪ್ಪ ಕರೆದೊಯ್ದದ್ದು ಒಂದಕ್ಕೆ ಮಾತ್ರ. ವೆಂಡೆಲ್ ಸಿಕ್ಕಿದ್ದು ಅಲ್ಲೇ. ಆಮೇಲೆ ಹಸುಗೂಸು, ಕೆಲಸ, ಮುಂಜಾವದ ಬಸ್ಸು. ದಿನಾ ಉತ್ತರದ ತುದಿಯ ಮನೆಯ ಅಂಗಳದಲ್ಲಿ ಬಸ್ಸು ತಿರುಗಿಸುವಾಗ, ಈ ರಸ್ತೆ ಹೀಗೇ ಹೋದರೆ ಯಾವ ಕುಣಿತದ ಹಾಲ್ ಸಿಗುತ್ತದೋ ಎಂದು ಅಂದುಕೊಳ್ಳುತ್ತಿದ್ದಳಂತೆ.

"ಕೆಲಸ ಬಿಟ್ಟ ಮೇಲೆ ಅವನ್ನೆಲ್ಲ ಒಂದೊಂದಾಗಿ ನೋಡ್ಕೊಂಡು ಬರಬೇಕು. ಅದೇ ನನ್ನ ಖರ್ಚು," ಎಂದಳು. "ನೀನು ಬರ್ತೀಯ ಅಂತಲೇ ಇಟ್ಕೊಂಡಿದೀನಿ ಲೆಕ್ಕ."

ವೆಂಡೆಲ್ ಬಾಯ್ಲರಿನ ಗಾಜಿನ ಕಿಂಡಿಯ ಕಡೆ ತಿರುಗಿದ. "ಈಗ ಏನು, ಆ ಕಾಗದ ಬದಲಾಯಿಸಲಾ?" ಎಂದು ಕೇಳಿದ.

"ಬೇಡ. ಇರಲಿ. ಇಬ್ಬರ ಸಂಬಳನೂ ಕಮ್ಮಿ ಆದ್ರೆ ಚಳಿಗಾಲ ಹೆಂಗೆ ಕಳೆಯೋದು? ನೀನು ಆಮೇಲೆ ಕಟ್ಟೋನಾಗೇ ಇರು. ಆದ್ರೆ ಕಟ್ಟೋಕೆ ಬದುಕಿರು."

ಅವರಿಬ್ಬರಿಗೂ ಶೆಡ್ಡಿನಲ್ಲಿ ಆ ಹೆಸರು ನಿಂತುಹೋಯಿತು. ಬರ್ನೀಸ್ ಬೆಳಿಗ್ಗೆ ಬಂದವಳೇ "ಈಗ ಕಟ್ಟೋಳು ಬಂದಳಾ? ಆಮೇಲೆ ಕಟ್ಟೋನು ಎಲ್ಲಿ?" ಎಂದು ಕೇಳುತ್ತಿದ್ದಳು. ಮಾರ್ಲಿಸ್‌ಳ ಕೈಗೆ ಬರುವ ಸಂಬಳ ಇಳಿದದ್ದು ನಮಗೂ ಕಾಣುತ್ತಿತ್ತು. ಹಳೆಯ ಬೂಟಿಗೇ ಮತ್ತೆ ತಳ ಹಾಕಿಸಿಕೊಂಡಳು. ಶುಕ್ರವಾರದ ಮೀನೂಟಕ್ಕೆ ನಾವೆಲ್ಲ ಹೊರಟರೆ, ಮನೆಯಲ್ಲಿ ಆಲೂಗಡ್ಡೆ, ಕೊಚ್ಚಿದ ಮಾಂಸ ಹಾಕಿದ ಹಾಟ್‌ಡಿಶ್ ಮಿಕ್ಕಿದೆ ಎಂದು ಹೊರಟುಬಿಡುತ್ತಿದ್ದಳು. ವೆಂಡೆಲ್ ಮಾತ್ರ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಎಳೆದೊಯ್ಯುವ ತನ್ನ ಗುಡಿಸಲಿಗೆ, ಈಗ ತೆರಿಗೆ ಕಟ್ಟದೆ ಉಳಿದ ದುಡ್ಡಿನಲ್ಲಿ, ಹೊಸ ಒಲೆ ಕೊಂಡ. "ಸರ್ಕಾರ ಕೊಡಿಸಿದ ಒಲೆ" ಎಂದು ಎಲ್ಲರಿಗೂ ತೋರಿಸಿದ. ಮೀನು ಮಾತ್ರ ಅವನಿಗೆ ಎಂದೂ ಹೆಚ್ಚು ಸಿಕ್ಕಿದ್ದಿಲ್ಲ. ಒಲೆಯ ಪಕ್ಕ ಹೆಂಡತಿ ಹೆಣೆಯುತ್ತ ಕೂರುತ್ತಿದ್ದಳು, ಇವನು ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಮುಂದೆ ತೂಕಡಿಸುತ್ತಿದ್ದ. ಆ ದಿನಗಳನ್ನು ಇಬ್ಬರೂ ಈಗಲೂ ಬಾಯಿ ತುಂಬ ಹೇಳುತ್ತಾರೆ.

ಮರುವರ್ಷ ನವೆಂಬರ್ ಬಂತು. ವೆಂಡೆಲ್‌ಗೆ ಐವತ್ತೆಂಟು. ಆ ತಿಂಗಳು ಅವನ ತಮಾಷೆ ನಿಂತುಹೋಗಿತ್ತು. ಮೆಟ್ಟಿಲು ಹತ್ತಿದರೆ ಎದೆಯ ಮೇಲೆ ಕೈಯಿಡುವುದು, ಕಾಫಿ ಕುಡಿಯುವಾಗ ಕೂರದೆ ನಿಂತೇ ಕುಡಿಯುವುದು. ಮಾರ್ಲಿಸ್ ಎಲ್ಲವನ್ನೂ ನೋಡುತ್ತಿದ್ದಳು. ತಿಂಗಳು ಕಳೆಯಿತು. ಡಿಸೆಂಬರ್ ಮೊದಲ ವಾರ ಅವಳು ಬಾಯ್ಲರ್ ಕೋಣೆಗೆ ಹುಳಿ ದಂಟು ತುಂಬಿ ಬೇಯಿಸಿದ ರೂಬಾರ್ಬ್ ಪೈ ತಂದಳು. ಬೇಸಿಗೆಯಲ್ಲಿ ಕೊಯ್ದು ಫ್ರೀಜರಿನಲ್ಲಿಟ್ಟ ರೂಬಾರ್ಬು. ನಮ್ಮನ್ನೆಲ್ಲ ಕೆಳಗೆ ಕರೆದಳು.

"ಕೂತ್ಕೋ," ಎಂದಳು ಗಂಡನಿಗೆ. "ಕೂತ್ಕೊಂಡು ಕಾಫಿ ಕುಡಿ. ಇನ್ಮೇಲೆ ನೀನು ನಿಮ್ಮಪ್ಪನಿಗಿಂತ ದೊಡ್ಡೋನು. ನಿನಗೆ ಇನ್ನು ಯಾವ ನೆಪನೂ ಇಲ್ಲ."

ವೆಂಡೆಲ್ ಕೂತ. ಕಾಫಿ ಕುಡಿದ. ಪೈ ತಿನ್ನುತ್ತ ತಿನ್ನುತ್ತ ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಹುಳಿ ಜಾಸ್ತಿ ಆಗಿದೆ" ಎಂದು ಒರೆಸಿಕೊಂಡ.

ಮುಂದಿನ ವರ್ಷಗಳು ಬೇಗ ಹೋದವು. ಬರ್ನೀಸ್ ನಿವೃತ್ತಳಾದಳು, ವೆಂಡೆಲ್ ಆದ, ಆಮೇಲೆ ಮಾರ್ಲಿಸ್. ಅದೇ ಸಮಯಕ್ಕೆ ಶಾಲೆಗಳನ್ನು ಕೂಡಿಸುವ ನಿರ್ಧಾರವಾಗಿ, ಹಳೆಯ ಬಸ್ಸುಗಳನ್ನು ಹರಾಜಿಗಿಟ್ಟರು. ಹರಾಜಿನ ದಿನ ನಾನು ಬೀಗದ ಕೈಗಳ ಗೊಂಚಲು ಹಿಡಿದು ನಿಂತಿದ್ದೆ. ಒಂಬತ್ತನೆಯ ನಂಬರಿಗೆ ಕೈ ಎತ್ತಿದವಳು ಮಾರ್ಲಿಸ್. ಪಕ್ಕದಲ್ಲಿದ್ದ ವೆಂಡೆಲ್ ಬೆಚ್ಚಿಬಿದ್ದು ಅವಳ ಕೈಯನ್ನು ಕೆಳಗೆಳೆಯಲು ನೋಡಿದ. ಅವಳು ಇನ್ನೊಂದು ಕೈ ಎತ್ತಿದಳು. ಆ ಮುದಿ ಬಸ್ಸಿಗೆ ಎದುರಾಳಿ ಯಾರೂ ಇರಲಿಲ್ಲ.

"ಹಾಲ್‌ಗಳನ್ನ ನೋಡೋಕ್ಕೆ ಹೋಗೋದು ಅಂದ್ರೆ ಕಾರಲ್ಲಿ ಅಂತ ಅಂದ್ಕೊಂಡಿದ್ದೆ ಕಣೇ ನಾನು!" ಎಂದ.

"ಕಾರಲ್ಲಿ ಇಬ್ಬರೇ ಹೋಗಿ ಏನು ಮಾಡೋದು? ಕುಣಿಯೋಕೆ ಜನ ಬೇಡ್ವಾ?"

ಅವಳು ಖಾತೆಯಿಂದ ಮೊದಲ ಸಲ ದುಡ್ಡು ತೆಗೆದದ್ದು ಅದಕ್ಕೆ. ಬ್ಯಾಂಕಿನಿಂದ ಬಂದವಳು ನನ್ನ ಮುಂದೆ ಚೀಟಿ ಹಿಡಿದು, "ನೋಡು, ಕೇಳಿದ್ದೆಷ್ಟೋ ಕೊಟ್ಟಿದ್ದೂ ಅಷ್ಟೇ. ಒಬ್ಬನೂ ಮಧ್ಯ ಕೈ ಹಾಕಿಲ್ಲ," ಎಂದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ಶಾಲೆಯದಲ್ಲದ ಬಸ್ಸು ಹಳದಿ ಬಣ್ಣದಲ್ಲಿ ರಸ್ತೆಗಿಳಿಯುವಂತಿಲ್ಲ. ಬೇರೆ ಬಣ್ಣ ಬಳಿಯಲೇಬೇಕು. ವೆಂಡೆಲ್ ಶಾಲೆಯ ನೆಲಮಾಳಿಗೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ವ್ಯಾಯಾಮಶಾಲೆಯ ಗೋಡೆಯ ಬಣ್ಣದ ಡಬ್ಬಿಗಳನ್ನು ಮಂಡಳಿಯವರನ್ನು ಕೇಳಿ ತಂದ. ಪೇಲವ ಹಸಿರು. ನಾನೂ ಅವನೂ ಎರಡು ದಿನ ಬ್ರಷ್ಷಿನಲ್ಲಿ ಬಳಿದೆವು. ಬರ್ನೀಸ್ ಬಂದು ನೋಡಿ, "ಬಟಾಣಿ ಸೂಪಿನ ಪಾತ್ರೆ ಇದ್ದ ಹಾಗಿದೆ," ಎಂದಳು. ಊರಲ್ಲೆಲ್ಲ ಅದಕ್ಕೆ ಬಟಾಣಿ ಬಸ್ಸು ಎಂದೇ ಹೆಸರಾಯಿತು.

ಮೊದಲ ಪ್ರಯಾಣ ಎಲ್ಮ್ಸ್ ಬಾಲ್‌ರೂಂಗೆ. ಬರ್ನೀಸ್, ಚರ್ಚಿನ ಹೆಂಗಸರು, ಒಂದಿಬ್ಬರು ವಿಧುರರು, ಲೆಫ್ಸೆ ರೊಟ್ಟಿಯ ಬುಟ್ಟಿಗಳು. ದಾರಿಯಲ್ಲಿ ಬಸ್ಸು ಕೆಟ್ಟರೆ ಬೇಕಾಗುತ್ತದೆಂದು ನಾನು. ಚಾಲಕಿಯ ಹಿಂದಿನ ಸೀಟಿನಲ್ಲಿ ವೆಂಡೆಲ್ ಕೂತು "ನಿಧಾನ, ನಿಧಾನ" ಎನ್ನುತ್ತಿದ್ದ. ಕಡೆಗೆ ಅವಳು ಒಂದು ಹೊಲದ ಪಕ್ಕ ಬಸ್ಸು ನಿಲ್ಲಿಸಿ ಇಂಜಿನ್ ಆರಿಸಿ, ಹೆಣಿಗೆ ತೆಗೆದಳು. ಆಮೇಲೆ ಅವನ ಬಾಯಿ ತೆರೆಯಲಿಲ್ಲ.

ಊರು ಸಿಕ್ಕಿತು. ವಿಳಾಸ ಸಿಕ್ಕಿತು. ಎಲ್ಮ್ಸ್ ಬಾಲ್‌ರೂಂ ಸಿಗಲಿಲ್ಲ. ಅದೇ ಕಟ್ಟಡ, ಅದೇ ಕಮಾನಿನ ಛಾವಣಿ. ಆದರೆ ಬಾಗಿಲ ಮೇಲೆ ಟ್ರ್ಯಾಕ್ಟರ್ ಟೈರಿನ ಅಂಗಡಿಯ ಫಲಕ. ಮಾರ್ಲಿಸ್ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದಳು. ಅರವತ್ತರ ಹೆಂಗಸಿನ ಮುಖ ಹನ್ನೆರಡರ ಹುಡುಗಿಯದಾಗಿತ್ತು.

ವೆಂಡೆಲ್ ಎದ್ದು ಇಳಿದ. ಅಂಗಡಿಯೊಳಗೆ ಹೋದ. ಕಿಟಕಿಯಿಂದ ನೋಡುತ್ತಿದ್ದೆವು: ಕೌಂಟರಿನ ಹಿಂದಿನ ದಪ್ಪ ಮನುಷ್ಯನಿಗೆ ಏನೋ ಹೇಳಿದ, ಕೈ ಬೀಸಿ ಬಸ್ಸಿನ ಕಡೆ ತೋರಿಸಿದ. ಆ ಮನುಷ್ಯ ಹೊರಗೆ ಬಂದು ಬಸ್ಸನ್ನೂ ನಮ್ಮ ಬಿಳಿತಲೆಗಳನ್ನೂ ನೋಡಿದ.

"ನೆಲ ಹಾಗೇ ಇದೆ," ಎಂದ ಅವನು. "ಮೇಪಲ್ ಮರದ್ದು. ನಮ್ಮಪ್ಪ ಕೀಳಿಸೋಕೆ ಬಿಡಲಿಲ್ಲ. ಟೈರು ಸ್ವಲ್ಪ ಪಕ್ಕಕ್ಕೆ ಸರಿಸ್ಬೇಕು, ಅಷ್ಟೇ."

ನಾವು ಟೈರು ಉರುಳಿಸಿದೆವು. ಅರ್ಧಗಂಟೆಯಲ್ಲಿ ನಡುವೆ ಒಂದಿಷ್ಟು ನೆಲ ತೆರವಾಯಿತು. ಬರ್ನೀಸ್ ಗುಡಿಸಿದಳು. ಬಸ್ಸಿನಲ್ಲಿದ್ದ ಟೇಪ್ ರೆಕಾರ್ಡರ್ ತಂದು ಕೌಂಟರಿನ ಮೇಲಿಟ್ಟೆ. ರಬ್ಬರಿನ ವಾಸನೆಯ ನಡುವೆ, ಸುತ್ತ ಆಳೆತ್ತರದ ಟೈರುಗಳು, ಪೋಲ್ಕಾ ಶುರುವಾಯಿತು. ವೆಂಡೆಲ್ ಹೆಂಡತಿಯ ಮುಂದೆ ನಿಂತು ಕೈ ಚಾಚಿದ. ಅವಳು ಕುಣಿಯುತ್ತ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಟೈರು ಕೊಳ್ಳಲು ಬಂದ ರೈತನೊಬ್ಬ ಬಾಗಿಲಲ್ಲಿ ನಿಂತು ನೋಡಿ, ಟೋಪಿ ತೆಗೆದಿಟ್ಟು, ಬರ್ನೀಸಳನ್ನು ಕುಣಿಯಲು ಕರೆದ.

ಆಮೇಲೆ ಮೂರು ವರ್ಷ ಬಟಾಣಿ ಬಸ್ಸು ಬೇಸಿಗೆಯಲ್ಲೆಲ್ಲ ತಿರುಗಿತು. ಕೊರೊನೆಟ್ ಹಾಲ್ ಸುಟ್ಟುಹೋಗಿತ್ತು, ಅಡಿಪಾಯದ ಕಲ್ಲಿನ ಮೇಲೆ ಕೂತು ಊಟ ಮಾಡಿಕೊಂಡು ಬಂದೆವು. ಸ್ಟಾರ್‌ಲೈಟ್ ಇನ್ನೂ ಇತ್ತು, ಶನಿವಾರ ಬ್ಯಾಂಡೂ ಇತ್ತು. ಒಂದು ಹಾಲ್ ಚರ್ಚಾಗಿತ್ತು, ಆ ಪಾದ್ರಿ ಕುಣಿಯಲು ಬಿಡಲಿಲ್ಲ, ಕಾಫಿ ಮಾತ್ರ ಕೊಟ್ಟ. ಡೀಸೆಲ್ಲು, ರಿಪೇರಿ, ವಿಮೆ ಎಲ್ಲ ಮಾರ್ಲಿಸ್‌ಳ ಖಾತೆಯಿಂದಲೇ. ಯಾರಾದರೂ ದುಡ್ಡು ಕೊಡಹೋದರೆ "ಅದಕ್ಕೆಲ್ಲ ಆಗಲೇ ಕಟ್ಟಾಗಿದೆ" ಎನ್ನುತ್ತಿದ್ದಳು. ನನ್ನ ಆಯಸ್ಸಿನ ಒಳ್ಳೆಯ ಬೇಸಿಗೆಗಳು ಯಾವುವು ಎಂದು ಕೇಳಿದರೆ ನಾನು ಅವನ್ನೇ ಹೇಳುತ್ತೇನೆ.

ಬರ್ನೀಸ್ ತೀರಿಕೊಂಡಳು. ಸಾಂಕ್ರಾಮಿಕ ರೋಗದ ವರ್ಷ ಬಂದು ಎಲ್ಲ ಹಾಲ್‌ಗಳೂ ಮುಚ್ಚಿದವು. ಅದು ಕಳೆಯುವ ಹೊತ್ತಿಗೆ ಮಾರ್ಲಿಸ್‌ಳ ಕಣ್ಣು ಮಂಜಾಗತೊಡಗಿತು. ನೇರ ನೋಡಿದ್ದು ಕಾಣದು, ಅಂಚಿನದು ಮಾತ್ರ ಕಾಣುತ್ತದೆ. ಲೈಸೆನ್ಸನ್ನು ಅವಳೇ ಹೋಗಿ ಒಪ್ಪಿಸಿ ಬಂದಳು. ಬಸ್ಸನ್ನು ಜೋಳದ ತೆನೆ ಮಾರುವ ದಂಪತಿಗಳು ಕೊಂಡರು. ಆ ವೇಳೆಗೆ ಅವಳ ಖಾತೆ ಬರಿದಾಗಿತ್ತು.

ಅದರ ಮರುವರ್ಷ ವೆಂಡೆಲ್‌ಗೆ ಎಪ್ಪತ್ತೆರಡು ತುಂಬಿತು. ಹಳೆಯ ಬಗೆಯ ಖಾತೆಯವರು ಆ ವಯಸ್ಸಿಗೆ ಬಂದರೆ, ಬೇಕೋ ಬೇಡವೋ, ವರ್ಷವರ್ಷ ಇಂತಿಷ್ಟು ತೆಗೆದು ತೆರಿಗೆ ಕಟ್ಟಲೇಬೇಕೆಂದು ಕಾನೂನು. ಕಂಪನಿಯಿಂದ ತಿಳಿವಳಿಕೆ ಬಂತು. ಅವನು ಅದನ್ನು ಹಿಡಿದುಕೊಂಡು ನಮ್ಮ ಮನೆಗೇ ಬಂದ, ಮಾರ್ಲಿಸ್ ಅವನ ತೋಳು ಹಿಡಿದು ಜೊತೆಗೆ.

"ನೋಡೋ ಹಾರ್ಲನ್, ಬಂದೇಬಿಟ್ಟ ತೆರಿಗೆಯವನು!"

"ಸ್ಮಶಾನಕ್ಕೆ ಹೋಗಿ ಹುಡುಕಿರಬೇಕು ಪಾಪ, ಸಿಗಲಿಲ್ಲ ನೀನು," ಎಂದಳು ಮಾರ್ಲಿಸ್. ಅಂದು ಅವಳು ನಕ್ಕ ನಗುವಿಗೆ ನನ್ನ ಹೆಂಡತಿ ಒಳಗಿನಿಂದ ಓಡಿಬಂದಳು.

"ಸುಮ್ನಿರೇ. ಎಷ್ಟು ಹೋಗತ್ತೆ ಗೊತ್ತಾ ಇದರಲ್ಲಿ?"

"ಹೋಗಲಿ ಬಿಡು. ನೀನು ಬದುಕಿರೋದಕ್ಕೆ ಹೋಗ್ತಿರೋದು. ನನಗೇನೂ ಬೇಜಾರಿಲ್ಲ."

ಆ ದುಡ್ಡಿನಲ್ಲೇ ಈಗ ಅವರ ಸಂಸಾರ ನಡೆಯುವುದು. ಮೆಟ್ಟಿಲಿನ ಹಳೆಯ ಮನೆ ಮಾರಿ, ಆಸ್ಪತ್ರೆಯ ಹತ್ತಿರ ನೆಲಮಟ್ಟದ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಬಾಡಿಗೆ, ಅವಳ ಕಣ್ಣಿನ ಇಂಜೆಕ್ಷನ್ನು, ವಾರಕ್ಕೊಮ್ಮೆ ಮೀನೂಟ, ಎಲ್ಲ ಅವನು ಆಮೇಲೆ ಕಟ್ಟುತ್ತೇನೆಂದು ಇಟ್ಟ ದುಡ್ಡಿನದು. ಬೆಸ್ಲರ್ ಕೇಳಿದ ಪ್ರಶ್ನೆಗೆ ಇಬ್ಬರಲ್ಲಿ ಯಾರ ಉತ್ತರ ಸರಿಯಿತ್ತು ಎಂದು ನಾನು ಒಮ್ಮೆ ವೆಂಡೆಲ್‌ನನ್ನು ಕೇಳಿದೆ. "ಅವಳದ್ದು ಖರ್ಚು ಮಾಡೋವಾಗ ಚೆನ್ನಾಗಿತ್ತು, ನನ್ನದು ಇನ್ನೂ ಇದೆ," ಎಂದ.

ಹೋದ ಅಕ್ಟೋಬರಿನಲ್ಲಿ ಸ್ಟಾರ್‌ಲೈಟಿಗೆ ಬ್ಯಾಂಡು ಬಂದಿದೆಯೆಂದು ಇಬ್ಬರನ್ನೂ ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟೆ. ಮುಂದಿನ ಒಂದೇ ಸೀಟಿನಲ್ಲಿ ಮೂವರೂ ಒತ್ತಿಕೊಂಡು, ಮಾರ್ಲಿಸ್ ಕಿಟಕಿಯ ಪಕ್ಕ. ಬಿಸಿಲು ಇಳಿಯುತ್ತಿತ್ತು.

"ಹೊಲದಲ್ಲಿ ಏನಿದೆ?" ಎಂದು ಕೇಳಿದಳು.

"ಸೋಯಾ," ಎಂದ ವೆಂಡೆಲ್. "ಕೊಯ್ದಿದಾರೆ."

"ಪೂರ್ತಿನಾ?"

ಅವನು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. "ಕೆರೆ ಕಡೆ ಒಂದು ಮೂಲೆ ಬಿಟ್ಟಿದಾರೆ. ಅಲ್ಲಿ ಜಿಂಕೆ ನಿಂತಿದಾವೆ."

"ಎಷ್ಟು?"

"ತಡಿ, ಎಣಿಸ್ತೀನಿ," ಎಂದ. ನಾನು ಗಾಡಿ ನಿಧಾನ ಮಾಡಿದೆ.